ನಲಿ-ಕಲಿ ತರಗತಿಯಲ್ಲಿ ಹಿರಿಯ ಟೀಚರ್ ಪಕ್ಕ ಕೂತಾಗ ಏನನ್ನು ನೋಡಬೇಕು?

ಡಿಎಡ್ ವಿದ್ಯಾರ್ಥಿನಿ, ಹಾಸನ

ಎಲ್ಲರಿಗೂ ನಮಸ್ಕಾರ. ನಾನು ಡಿ.ಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ, ಹಿಂದಿನ ಡಿಎಡ್) ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಬ್ಯಾಚಿನವರನ್ನು ಇಂಟರ್ನ್‌ಶಿಪ್‌ಗೆ ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಹಾಕಿದ್ದಾರೆ. ನನಗೆ ಸಿಕ್ಕಿದ್ದು ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿಯವರೆಗೆ ಒಂದೇ ಕೋಣೆ, ನಲಿ-ಕಲಿ (ಮಕ್ಕಳು ಕಾರ್ಡ್ ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ). ಆ ಕೋಣೆಯ ಮೇಡಂ ತುಂಬಾ ವರ್ಷದಿಂದ ಚಿಕ್ಕ ಮಕ್ಕಳಿಗೇ ಕಲಿಸಿದವರು. ಊರಿನವರೆಲ್ಲ ಅವರ ಬಗ್ಗೆ ಒಳ್ಳೆಯ ಮಾತಾಡುತ್ತಾರೆ.

ನನ್ನ ತೊಂದರೆ ಇದು. ಕಾಲೇಜಿನವರು ಕೊಟ್ಟ ವೀಕ್ಷಣಾ ನಮೂನೆಯಲ್ಲಿ ಪೀಠಿಕೆ ಹೇಗಿತ್ತು, ಕಪ್ಪುಹಲಗೆ ಬಳಸಿದರಾ, ಪಾಠೋಪಕರಣ ಯಾವುದು, ಮೌಲ್ಯಮಾಪನ ಹೇಗೆ ಮಾಡಿದರು ಅಂತ ಕಾಲಂಗಳಿವೆ. ಈ ಕೋಣೆಯಲ್ಲಿ ಎಲ್ಲರಿಗೂ ಒಂದೇ ಪಾಠ ಅಂತಲೇ ಇಲ್ಲ. ಮಕ್ಕಳು 'ತಟ್ಟೆ' ಅಂತ ಕರೆಯುವ ಐದು ಗುಂಪುಗಳಲ್ಲಿ ಕೂತಿರುತ್ತಾರೆ. ಮೇಡಂ ಒಂದು ಗುಂಪಿನ ಜೊತೆ ನೆಲದ ಮೇಲೆ ಕೂತು ಮೆಲ್ಲಗೆ ಮಾತಾಡುತ್ತಿರುತ್ತಾರೆ. ಉಳಿದ ಮಕ್ಕಳು ತಮ್ಮ ಪಾಡಿಗೆ ಕಾರ್ಡ್ ಹಿಡಿದುಕೊಂಡು ಕೆಲಸ ಮಾಡುತ್ತಾರೆ. ಎಲ್ಲ ಸಲೀಸಾಗಿ ನಡೆಯುತ್ತದೆ. ಯಾವುದರಿಂದ ಹಾಗೆ ನಡೆಯುತ್ತದೆ ಅನ್ನುವುದು ನನಗೆ ಗೊತ್ತಾಗುತ್ತಿಲ್ಲ. ಇಂಥವರ ಪಕ್ಕ ಕೂತಾಗ ಏನನ್ನು ನೋಡಬೇಕು? ಏನನ್ನು ಕೇಳಬೇಕು? ಅನುಭವ ಇರುವವರು ದಯವಿಟ್ಟು ಹೇಳಿ.

ನಲಿ-ಕಲಿ ಮೇಡಂ, ಮೈಸೂರು ಜಿಲ್ಲೆ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಅವರು ಯಾಕೆ ಒಂದೇ ಗುಂಪಿನ ಹತ್ತಿರ ಕೂರುತ್ತಾರೆ ಅನ್ನುವುದನ್ನು ತಿಳಿದುಕೊಳ್ಳಿ. ಮೊದಲನೇ ತಟ್ಟೆಗೆ ಟೀಚರ್ ಪೂರ್ತಿ ಜೊತೆಗಿರಬೇಕು. ಹೊಸ ವಿಷಯ ಶುರುವಾಗುವುದು ಅಲ್ಲೇ. ಎರಡನೇ ತಟ್ಟೆಗೆ ಆಗಾಗ ಸಹಾಯ ಬೇಕು. ಮೂರು, ನಾಲ್ಕು ಗೆಳೆಯರ ಸಹಾಯದಿಂದ ನಡೆಯುತ್ತವೆ. ಐದನೆಯದರಲ್ಲಿ ಮಗು ತಾನೇ ಮಾಡುತ್ತದೆ. ಇದೆಲ್ಲ ನಿಮಗೆ ತರಬೇತಿಯಲ್ಲಿ ಹೇಳಿರುತ್ತಾರೆ. ಯಾವ ಮಗು ಇವತ್ತು ಯಾವ ತಟ್ಟೆಗೆ ಹೋಗಬೇಕು ಅನ್ನುವುದನ್ನು ಕಾರ್ಡಿನ ಲೋಗೋ (ಅದರ ಮೇಲಿನ ಗುರುತಿನ ಚಿತ್ರ) ಹೇಳುತ್ತದೆ. ಆದರೆ ಆ ಮಗು ನಿಜವಾಗಿ ಅದಕ್ಕೆ ತಯಾರಾಗಿದೆಯಾ ಅಂತ ಲೋಗೋ ಹೇಳುವುದಿಲ್ಲ. ಅದನ್ನು ತೀರ್ಮಾನ ಮಾಡುವುದು ಮೇಡಂ. ನೀವು ನೋಡಬೇಕಾದ್ದು ಆ ತೀರ್ಮಾನಗಳನ್ನು.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಮಕ್ಕಳು ಹವಾಮಾನ ನಕ್ಷೆ ತುಂಬಿ, ಹಾಜರಿ ಗುರುತು ಹಾಕಿ, ಕಾರ್ಡ್ ತೆಗೆದುಕೊಳ್ಳಲು ಏಳುತ್ತಾರಲ್ಲ, ಆಗ ಮಕ್ಕಳನ್ನು ಬಿಟ್ಟು ಮೇಡಂ ಕಣ್ಣನ್ನು ಹಿಂಬಾಲಿಸಿ. ಯಾರ ಮೇಲೆ ಜಾಸ್ತಿ ಹೊತ್ತು ನಿಲ್ಲುತ್ತದೆ? ಯಾರನ್ನು ಹೆಸರು ಹಿಡಿದು ಕರೆಯುತ್ತಾರೆ? ಯಾರನ್ನು ಬೇಕೆಂದೇ ಕರೆಯದೆ ಬಿಡುತ್ತಾರೆ? ಕಲಿಕಾ ಏಣಿಯಲ್ಲಿ (ಕಲಿಯಬೇಕಾದ ಹಂತಗಳ ಪಟ್ಟಿ) ಮುಂದೆ ಹೋಗಬೇಕಾದ ಮಗುವಿಗೆ ಹಿಂದಿನ ಮೈಲಿಗಲ್ಲಿನ, ಅಂದರೆ ಹಿಂದಿನ ಹಂತದ, ಕಾರ್ಡನ್ನೇ ಮತ್ತೆ ಕೊಟ್ಟರೆ ಅದನ್ನು ಬರೆದುಕೊಳ್ಳಿ. ಸಂಜೆ ಕೇಳಿ. ಅಲ್ಲಿ ಖಂಡಿತ ಒಂದು ಕಾರಣ ಇರುತ್ತದೆ.

ಒಂದು ಉದಾಹರಣೆ. ನಲಿ-ಕಲಿಯಲ್ಲಿ ಕನ್ನಡ ಅಕ್ಷರಗಳು ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ರ, ಗ, ಸ, ದ, ಅ ಮೊದಲು ಬರುತ್ತವೆ. ಇಷ್ಟು ಕಲಿತರೆ ಮಗು ಸರ, ದರ, ಅರಸ, ಅಗಸ, ಗರಗಸ ಅಂತ ಪದಗಳನ್ನೇ ಓದಬಹುದು. ಶುರುವಿನಲ್ಲೇ ಓದಿದ ಖುಷಿ ಸಿಗುತ್ತದೆ. ಆದರೆ ಚಿತ್ರ ನೋಡಿ 'ಗರಗಸ' ಅನ್ನುವ ಮಗು ಅಕ್ಷರ ನೋಡಿರುವುದೇ ಇಲ್ಲ, ಎಷ್ಟೋ ಸಲ. ಅನುಭವಿ ಟೀಚರ್ ಮೆಲ್ಲಗೆ ಚಿತ್ರದ ಮೇಲೆ ಕೈ ಇಡುತ್ತಾರೆ. ಅಥವಾ ನಡುವಿನ ಒಂದು ಅಕ್ಷರ ತೋರಿಸಿ 'ಇದೇನು?' ಅನ್ನುತ್ತಾರೆ. ಸಾಲಿನ ಕೊನೇ ಪದ ಮೊದಲು ಓದಿಸುತ್ತಾರೆ. ಇಷ್ಟು ಮಾಡಲು ಅರ್ಧ ನಿಮಿಷವೂ ಬೇಡ. ಇದನ್ನು ಬರೆಯಲು ನಿಮ್ಮ ನಮೂನೆಯಲ್ಲಿ ಕಾಲಂ ಇರುವುದಿಲ್ಲ. ಪ್ರಗತಿ ನೋಟದಲ್ಲಿ (ಯಾವ ಮಗು ಎಲ್ಲಿಯವರೆಗೆ ಬಂದಿದೆ ಅಂತ ಗುರುತು ಹಾಕುವ ಪಟ್ಟಿ) ಆ ಮಗುವಿನ ಹೆಸರಿನ ಮುಂದೆ ಗುರುತು ಹಾಕಬೇಕೋ ಬೇಡವೋ ಅನ್ನುವುದು ಮಾತ್ರ ಈ ಅರ್ಧ ನಿಮಿಷದ ಮೇಲೆಯೇ ನಿಂತಿದೆ.

ಇನ್ನೊಂದು ಮಾತು. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಯುನಿಸೆಫ್ ಬೆಂಬಲ ಇತ್ತು. ಇಲ್ಲಿಯ ಟೀಚರ್‌ಗಳು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಅಲ್ಲಿಯ ಹಳ್ಳಿ ಶಾಲೆಗಳಲ್ಲಿ ಬೇರೆ ಟೀಚರ್‌ಗಳು ಹೇಗೆ ಕಲಿಸುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ, ವಾಪಸ್ ಬಂದು ತಮ್ಮ ಮಕ್ಕಳಿಗೆ ಬೇಕಾದ ಕಾರ್ಡ್‌ಗಳನ್ನು ಬರೆದರು. ಆಮೇಲೆ 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನೀವು ಈಗ ಮಾಡುತ್ತಿರುವ ಕೆಲಸದಿಂದಲೇ ಈ ಪದ್ಧತಿ ಹುಟ್ಟಿದೆ ಅಂತ ನೆನಪಿಟ್ಟುಕೊಳ್ಳಿ. ಕೇಳಲು ಹಿಂಜರಿಯಬೇಡಿ.

ಗಣಿತದ ಮೇಷ್ಟ್ರು, ರಾಯಚೂರು

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗಣಿತದ ಕಡೆಯಿಂದ ಸೇರಿಸುತ್ತೇನೆ.

ತಂಗಿ, ತಪ್ಪು ಉತ್ತರ ಬಂದಾಗ ಹಿರಿಯರು ಏನು ಮಾಡುತ್ತಾರೆ ಅನ್ನುವುದನ್ನು ನೋಡು. ಎಲ್ಲಕ್ಕಿಂತ ಹೆಚ್ಚು ಕಲಿಯುವುದು ಅಲ್ಲೇ. 42ರಲ್ಲಿ 17 ಕಳೆಯಲು ಕೊಟ್ಟರೆ ಬಹಳ ಮಕ್ಕಳು 35 ಅಂತ ಬರೆಯುತ್ತಾರೆ. ಹೊಸಬರು 'ತಪ್ಪು, ಮತ್ತೆ ಮಾಡು' ಅನ್ನುತ್ತಾರೆ. ಮಗು ಮತ್ತೆ ಮಾಡುತ್ತದೆ. ಮತ್ತೆ 35 ಬರುತ್ತದೆ. ಯಾಕಂದ್ರೆ ಅದರ ಲೆಕ್ಕದಲ್ಲಿ ಏನೂ ತಪ್ಪಿಲ್ಲ. 'ದೊಡ್ಡದರಲ್ಲಿ ಸಣ್ಣದನ್ನು ಕಳೆಯಬೇಕು' ಅಂತ ನಾವೇ ಹೇಳಿಕೊಟ್ಟಿದ್ದೇವೆ. ಅದು 7ರಲ್ಲಿ 2 ಕಳೆದು 5 ಬರೆಯಿತು, 4ರಲ್ಲಿ 1 ಕಳೆದು 3 ಬರೆಯಿತು. ಎರಡು ಸ್ಥಾನವನ್ನೂ ಬೇರೆ ಬೇರೆ ಲೆಕ್ಕ ಅಂದುಕೊಂಡಿದೆ.

ನನಗೆ ಕಲಿಸಿದ ಹಿರಿಯರು ಒಬ್ಬರು ಇಂಥ ಹೊತ್ತಿನಲ್ಲಿ ಸ್ಲೇಟು ಪಕ್ಕಕ್ಕಿಡುತ್ತಿದ್ದರು. ಹತ್ತತ್ತು ಕಡ್ಡಿಯ ನಾಲ್ಕು ಕಟ್ಟು, ಬಿಡಿ ಕಡ್ಡಿ ಎರಡು ಮಗುವಿನ ಕೈಗೆ ಕೊಡುತ್ತಿದ್ದರು. 'ನನಗೆ ಹದಿನೇಳು ಕೊಡು' ಅನ್ನುತ್ತಿದ್ದರು. ಮಗು ಒಂದು ಕಟ್ಟು ಕೊಡುತ್ತದೆ. ಬಿಡಿ ಎರಡು ಕೊಡುತ್ತದೆ. ಆಮೇಲೆ ನಿಲ್ಲುತ್ತದೆ. ಅವರೂ ಸುಮ್ಮನಿರುತ್ತಿದ್ದರು. ಮಗು ನಮ್ಮ ಮುಖ ನೋಡುತ್ತದೆ, ಕಟ್ಟು ನೋಡುತ್ತದೆ, ಕೊನೆಗೆ ರಬ್ಬರ್ ಬ್ಯಾಂಡ್ ತೆಗೆಯುತ್ತದೆ. ದಶಕ ಬಿಡಿಸುವುದು ಅಂದರೆ ಅಷ್ಟೇ. ಉಳಿದದ್ದು ಎಣಿಸಿದರೆ 25. ಆಮೇಲೆ ಸ್ಲೇಟಿನಲ್ಲಿ ಬರೆಸುತ್ತಿದ್ದರು.

ಆ ಸುಮ್ಮನಿರುವ ಹೊತ್ತು ಇದೆಯಲ್ಲ, ಅದು ಹೊಸಬರಿಗೆ ತುಂಬಾ ಕಷ್ಟ. ಬಾಯಿ ತುದಿಗೆ ಉತ್ತರ ಬಂದಿರುತ್ತದೆ.

ಒಂದು ನೋಟ್‌ಬುಕ್ ಇಡು. ಅದರಲ್ಲಿ ಬರೀ ತಪ್ಪು ಉತ್ತರಗಳನ್ನು ಬರೆದುಕೋ. ನೂರ ಐದು ಬರೆಯಲು ಹೇಳಿದರೆ 1005 ಬರೆಯುವ ಮಗು ಇರುತ್ತದೆ. ಅದು ಕೇಳಿದ್ದನ್ನೇ ಬರೆದಿದೆ, ನೂರು ಆಮೇಲೆ ಐದು. ಇಪ್ಪತ್ತೊಂಬತ್ತು ಆದಮೇಲೆ 'ಇಪ್ಪತ್ತಹತ್ತು' ಅನ್ನುವ ಮಗು ಇರುತ್ತದೆ. ಅದಕ್ಕೆ ನಿಯಮ ಗೊತ್ತಾಗಿದೆ, ಎಲ್ಲಿ ನಿಲ್ಲಿಸಬೇಕು ಅನ್ನುವುದು ಗೊತ್ತಾಗಿಲ್ಲ. ಒಂದೊಂದು ತಪ್ಪಿನ ಪಕ್ಕದಲ್ಲಿ ಹಿರಿಯರು ಅದಕ್ಕೆ ಏನು ಮಾಡಿದರು ಅಂತ ಬರೆ. ನೌಕರಿ ಸಿಕ್ಕ ಮೇಲೆ ಆ ನೋಟ್‌ಬುಕ್ಕೇ ನಿನ್ನ ಕೈ ಹಿಡಿಯುತ್ತದೆ.

ಡಿಎಡ್ ವಿದ್ಯಾರ್ಥಿನಿ, ಹಾಸನ

ಸರ್, ಮೇಡಂ, ತುಂಬಾ ಧನ್ಯವಾದ. ಮೇಡಂ, ನೀವು 'ಸಂಜೆ ಕೇಳಿ' ಅಂದಿರಿ. ಆದರೆ ನಾಲ್ಕು ಗಂಟೆ ಆದಮೇಲೆ ನಮ್ಮ ಶಾಲೆಯ ಮೇಡಂಗೆ ಬಸ್ ಹಿಡಿಯಬೇಕು. ಮಧ್ಯಾಹ್ನ ಬಿಸಿಯೂಟ, ಎಸ್‌ಎಟಿಎಸ್ (ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ವ್ಯವಸ್ಥೆ), ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನ್. 'ಹಾಗೇಕೆ ಮಾಡಿದಿರಿ?' ಅಂತ ಕೇಳಿದರೆ ಅವರ ಕೆಲಸದಲ್ಲಿ ತಪ್ಪು ಹುಡುಕಿದ ಹಾಗೆ ಆಗುತ್ತದೇನೋ ಅಂತ ಭಯ. ಹೇಗೆ ಕೇಳಲಿ?

ಡಯಟ್ ಉಪನ್ಯಾಸಕ

ನಾನು ಡಯಟ್‌ನಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರಶಿಕ್ಷಣಾರ್ಥಿಗಳ ಜೊತೆ ಕೆಲಸ ಮಾಡುವವನು. ನಿಮ್ಮ ಭಯ ಸಹಜ. 'ಯಾಕೆ' ಅನ್ನುವುದನ್ನು ಬಿಡಿ. 'ಆಗ ನಿಮಗೆ ಏನು ಕಾಣಿಸಿತು ಮೇಡಂ?' ಅಂತ ಕೇಳಿ. 'ಆ ಹುಡುಗನಿಗೆ ಕಾರ್ಡ್ ಬದಲಾಯಿಸಿ ಕೊಟ್ಟಿರಲ್ಲ, ಅವನಲ್ಲಿ ಏನನ್ನು ನೋಡಿದಿರಿ?' ಅಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಖುಷಿಯಿಂದ ಹೇಳುತ್ತಾರೆ. ಎಷ್ಟೋ ಹಿರಿಯರಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿಯೇ ಇರುವುದಿಲ್ಲ.

ದಿನಕ್ಕೆ ಒಂದೇ ಪ್ರಶ್ನೆ ಸಾಕು. ಆ ದಿನದ ಒಂದು ಮಗು, ಒಂದು ಘಟನೆ. 'ತರಗತಿ ನಿರ್ವಹಣೆ ಹೇಗೆ ಮಾಡುತ್ತೀರಿ?' ಅಂತ ಕೇಳಬೇಡಿ, ಅಷ್ಟು ದೊಡ್ಡ ಪ್ರಶ್ನೆಗೆ 'ಅನುಭವದಿಂದ ಬರುತ್ತದಮ್ಮ' ಅನ್ನುವ ಉತ್ತರವೇ ಸಿಗುತ್ತದೆ. ಅದರಲ್ಲಿ ಅವರದ್ದೂ ತಪ್ಪಿಲ್ಲ. ದಿನಾ ಮಾಡುವ ಕೆಲಸ ಕೈಗೆ ರೂಢಿಯಾಗಿರುತ್ತದೆ, ಬಾಯಿಗೆ ಸುಲಭವಾಗಿ ಬರುವುದಿಲ್ಲ. ಮಕ್ಕಳು ಊಟಕ್ಕೆ ಕೂತಾಗ ಬಡಿಸಲು ನೀವೂ ಕೈ ಹಾಕಿ. ಕೆಲಸದ ಮಧ್ಯೆ ಮಾತು ಬರುತ್ತದೆ.

ನಮೂನೆ ತುಂಬಲೇಬೇಕು, ತುಂಬಿ. ಅದರ ಹಿಂಭಾಗದ ಖಾಲಿ ಪುಟದಲ್ಲಿ ಒಂದು ಮಗುವಿನ ಬಗ್ಗೆ ಬರೆಯಿರಿ. ಎನ್‌ಸಿಟಿಇಯ (ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು) 2014ರ ನಿಯಮದ ಪ್ರಕಾರ ಎರಡು ವರ್ಷದಲ್ಲಿ ಕನಿಷ್ಠ 20 ವಾರ ಶಾಲೆಯಲ್ಲಿರಬೇಕು. ಅಷ್ಟು ವಾರ ಬರೀ ಐದು ಹಂತದ 5ಇ ಪಾಠಯೋಜನೆ ಬರೆಯುತ್ತ ಕೂತು, ಬಣ್ಣದ ಚಾರ್ಟ್ ಅಂಟಿಸಿ, ಸಹಿ ಹಾಕಿಸಿಕೊಂಡು ಬರುವವರನ್ನು ನೋಡಿದರೆ ನನಗೆ ನಿಜಕ್ಕೂ ನೋವಾಗುತ್ತದೆ. ಪಾಠಯೋಜನೆ ಬೇಡ ಅಂತಲ್ಲ. ಅದರಲ್ಲಿ 'ಮಕ್ಕಳು ಉತ್ತರಿಸುವರು' ಅಂತ ಬರೆದ ಜಾಗದಲ್ಲಿ ಮಕ್ಕಳು ಉತ್ತರಿಸದಿದ್ದರೆ ಮುಂದೇನು ಅನ್ನುವುದನ್ನು ಹಿರಿಯರ ತರಗತಿಯಲ್ಲೇ ನೋಡಬೇಕು.

ಮೇಷ್ಟ್ರು ಸುಮ್ಮನಿರುವ ಹೊತ್ತಿನ ಬಗ್ಗೆ ಹೇಳಿದರು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಇದನ್ನೇ ಅಳೆದು ನೋಡಿದರು. ಪ್ರಶ್ನೆ ಕೇಳಿದ ಮೇಲೆ ಟೀಚರ್‌ಗಳು ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಮಾತಾಡಿದರು. ನಿಮ್ಮ ಮೇಡಂ ಎಷ್ಟು ಹೊತ್ತು ಕಾಯುತ್ತಾರೆ ಅಂತ ಮನಸ್ಸಿನಲ್ಲೇ ಎಣಿಸಿ ನೋಡಿ.

ಹೊಸ ಟೀಚರ್, ತುಮಕೂರು

ಎಲ್ಲರೂ ಹಿರಿಯರನ್ನು ಹೊಗಳುತ್ತಿದ್ದೀರಿ. ನಾನು ಇನ್ನೊಂದು ಮುಖ ಹೇಳಲೇಬೇಕು. ನನಗೆ ಇಂಟರ್ನ್‌ಶಿಪ್‌ನಲ್ಲಿ ಸಿಕ್ಕ ಹಿರಿಯರ ಮೇಜಿನ ಮೇಲೆ ಯಾವಾಗಲೂ ಕೋಲು ಇರುತ್ತಿತ್ತು. ಮಧ್ಯಾಹ್ನ ಪೂರ್ತಿ ಬೋರ್ಡ್ ಮೇಲಿನ ಪ್ರಶ್ನೋತ್ತರ ನಕಲು ಮಾಡಿಸುವುದು. ಕೋರಸ್‌ನಲ್ಲಿ ಮಗ್ಗಿ. ಎರಡನೇ ತರಗತಿಯ ಮಗುವೊಂದು ಅವರ ಹೆಸರು ಕೇಳಿದರೇ ಅಳುತ್ತಿತ್ತು. 'ನೀನು ಹೊಸಬಳು, ನೋಡಿ ಕಲಿ' ಅನ್ನುತ್ತಿದ್ದರು. ಅವರಿಗೂ ಬೇಕಾದಷ್ಟು ಸರ್ವಿಸ್ ಆಗಿತ್ತು. ಸರ್ವಿಸ್ ಜಾಸ್ತಿ ಆದ ಮಾತ್ರಕ್ಕೆ ಅವರಿಂದ ಕಲಿಯಲೇಬೇಕಾ?

ನಲಿ-ಕಲಿ ಮೇಡಂ, ಮೈಸೂರು ಜಿಲ್ಲೆ

ಇಲ್ಲ. ಕಲಿಯಬೇಕಾಗಿಲ್ಲ. ನೀವು ಇದನ್ನು ಇಲ್ಲಿ ಹೇಳಿದ್ದು ಒಳ್ಳೆಯದಾಯಿತು.

ಮಕ್ಕಳಿಗೆ ಹೊಡೆಯುವುದು, ಮನಸ್ಸಿಗೆ ನೋವು ಮಾಡುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಅದನ್ನು ಯಾವ ಹಿರಿಯರು ಮಾಡಿದರೂ ತಪ್ಪೇ. ಇಂಟರ್ನ್‌ಶಿಪ್‌ಗೆ ಹೋದವರ ಕೈಗೆ ಕೋಲು ಕೊಟ್ಟು 'ನೀನೂ ಎರಡು ಹಾಕು' ಅಂದರೆ ತೆಗೆದುಕೊಳ್ಳಬೇಡಿ. ನಿಮ್ಮ ಮಾರ್ಗದರ್ಶಕ ಉಪನ್ಯಾಸಕರಿಗೆ ಅವತ್ತೇ ತಿಳಿಸಿ.

ಅನುಭವ ಇರುವವರು ಅಂದರೆ ನನ್ನ ಪ್ರಕಾರ ಮಗುವಿಗೆ ಗೊತ್ತಾಗದಿದ್ದಾಗ ತಮ್ಮ ದಾರಿ ಬದಲಾಯಿಸುವವರು. ಒಂದೇ ಪಾಠವನ್ನು ಒಂದೇ ರೀತಿ ವರ್ಷಗಟ್ಟಲೆ ಹೇಳಿದವರನ್ನು ನಾನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ನಿಮಗೆ ಸಿಕ್ಕಿರುವವರು ಎಂಥವರು ಅಂತ ಒಂದು ವಾರದಲ್ಲಿ ಗೊತ್ತಾಗುತ್ತದೆ. ಮಗು ತಪ್ಪು ಹೇಳಿದಾಗ ಅವರು ಮಗುವಿನ ಹತ್ತಿರ ಹೋಗುತ್ತಾರಾ, ಅಥವಾ ಇನ್ನೊಂದು ಮಗುವಿನಿಂದ ಸರಿ ಉತ್ತರ ಹೇಳಿಸಿ ಮುಂದೆ ಹೋಗುತ್ತಾರಾ? ಅದನ್ನು ನೋಡಿ.

ಗಣಿತದ ಮೇಷ್ಟ್ರು, ರಾಯಚೂರು

ಮೇಡಂ ಮಾತು ಒಪ್ಪುತ್ತೇನೆ. ಕೋರಸ್ ಮಗ್ಗಿ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ಕಡ್ಡಿ, ಹುಣಸೆ ಬೀಜ ಇಟ್ಟು ಗುಂಪು ಮಾಡಿಸಿ ಅರ್ಥ ಮಾಡಿಸಿದ ಮೇಲೆ ಮಗ್ಗಿಯನ್ನು ರಾಗವಾಗಿ ಹೇಳಿಸುವುದರಲ್ಲಿ ಏನೂ ಕೆಟ್ಟದ್ದಿಲ್ಲ. ಮಕ್ಕಳಿಗೆ ಅದು ಇಷ್ಟ. ಅರ್ಥ ಮಾಡಿಸದೆ ಬರೀ ಅದನ್ನೇ ಮಾಡಿಸಿದರೆ ತೊಂದರೆ.

ಹೊಸ ಟೀಚರ್, ತುಮಕೂರು

ಸರಿ ಸರ್, ಹಾಗಾದರೆ ಒಪ್ಪುತ್ತೇನೆ. ಆದರೆ ನಮ್ಮ ಕಡೆ 'ಅರ್ಥ ಮಾಡಿಸಿದ ಮೇಲೆ' ಅನ್ನುವ ಭಾಗವೇ ಬಿಟ್ಟುಹೋಗಿರುತ್ತದೆ.

ಕರಾವಳಿ ಟೀಚರ್

ಕೈಬರಹದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದು ತುಂಬಾ ಮುಖ್ಯ ಅನ್ನಿಸುತ್ತದೆ.

ಹಿರಿಯ ಟೀಚರ್ ಬೋರ್ಡ್ ಮೇಲೆ ಅಕ್ಷರ ಬರೆಯುವಾಗ ಎಲ್ಲಿ ನಿಲ್ಲುತ್ತಾರೆ ಅಂತ ನೋಡಿ. ಹೊಸಬರು ಬೋರ್ಡಿಗೆ ಎದುರಾಗಿ ನಿಂತು ಬರೆದು, ಆಮೇಲೆ ಪಕ್ಕಕ್ಕೆ ಸರಿದು 'ನೋಡಿ, ಇದು ಬ' ಅನ್ನುತ್ತಾರೆ. ಮಕ್ಕಳಿಗೆ ಕಾಣುವುದು ಬರೆದು ಮುಗಿದ ಅಕ್ಷರ. ಕೈ ಎಲ್ಲಿಂದ ಶುರುವಾಗಿ ಯಾವ ಕಡೆ ಸುತ್ತಿತು ಅನ್ನುವುದು ಕಾಣುವುದೇ ಇಲ್ಲ. ಪಳಗಿದವರು ಪಕ್ಕಕ್ಕೆ ನಿಂತು, ಕೈ ಚಾಚಿ, ನಿಧಾನವಾಗಿ, ಬಾಯಲ್ಲಿ ಹೇಳುತ್ತಾ ಬರೆಯುತ್ತಾರೆ. ಮಗು ಬರೆಯುವಾಗಲೂ ಅಕ್ಷರ ಹೇಗೆ ಬಂತು ಅನ್ನುವುದಕ್ಕಿಂತ ಕೈ ಹೇಗೆ ಹೋಯಿತು ಅನ್ನುವುದನ್ನು ನೋಡುತ್ತಾರೆ. ತಲೆಕಟ್ಟು ಮೊದಲು ಬರೆದು ಕೆಳಗೆ ಉಳಿದದ್ದನ್ನು ಜೋಡಿಸುವ ಮಗು ಇರುತ್ತದೆ. ನೋಡಲು ಅಕ್ಷರ ಸರಿ ಇರುತ್ತದೆ, ಆದರೆ ಮುಂದೆ ವೇಗ ಬರುವುದಿಲ್ಲ. ಇದನ್ನು ಒಂದನೇ ತರಗತಿಯಲ್ಲೇ ಹಿಡಿಯಬೇಕು. ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆ ಅಂತ ಕಪ್ಪುಹಲಗೆ ಇರುತ್ತದಲ್ಲ, ಅದರ ದೊಡ್ಡ ಲಾಭ ಇದೇ. ಎಲ್ಲ ಮಕ್ಕಳ ಕೈ ಒಟ್ಟಿಗೆ ಕಾಣುತ್ತದೆ.

ಎಡಗೈ ಮಗುವನ್ನು ಸಾಲಿನ ಎಡತುದಿಗೆ ಕೂರಿಸುವುದು, ಮೊಣಕೈ ಪಕ್ಕದವರಿಗೆ ತಾಗದ ಹಾಗೆ. ಇದನ್ನೂ ಹಿರಿಯರಿಂದಲೇ ನೋಡಿ ಕಲಿತದ್ದು. ಬಲಗೈಯಲ್ಲಿ ಬರೆ ಅಂತ ಅವರು ಯಾವತ್ತೂ ಹೇಳಲಿಲ್ಲ.

ಆಮೇಲೆ ಅರ್ಕಾವತ್ತು. ಸೂರ್ಯ ಅಂತ ಬರೆಯಲು ಹೇಳಿದರೆ ಮಕ್ಕಳು 'ಸೂಯ್ರ' ಅಂತ ಬರೆಯುತ್ತಾರೆ. ಹೇಳುವಾಗ ರ್ ಮೊದಲು ಬರುತ್ತದೆ, ಬರೆಯುವಾಗ ಅದರ ಗುರುತು ಆಮೇಲೆ ಬರುತ್ತದೆ. ಮಗುವಿಗೆ ಗೊಂದಲ ಆಗದೆ ಇರುತ್ತದಾ? ನಮ್ಮ ಶಾಲೆಯ ಹಿರಿಯ ಟೀಚರ್ ಮೊದಲು ಸೂರ್ಯ, ಕಾರ್ಯ, ವರ್ಷ, ಹರ್ಷ ಅಂತ ಬರೀ ಬಾಯಲ್ಲಿ ಆಡಿಸುತ್ತಿದ್ದರು. ನಾಲಿಗೆ ಎಲ್ಲಿ ತಡೆಯುತ್ತದೆ ಅಂತ ಮಕ್ಕಳೇ ಹೇಳಬೇಕು. ಅದಾದ ಮೇಲೇ ಗುರುತು ತೋರಿಸುವುದು. ತಪ್ಪಾಗಿ ಬರೆದ ಪದವನ್ನು ಅಳಿಸುವುದಿಲ್ಲ, ಬರೆದ ಹಾಗೆಯೇ ಮಗುವಿನಿಂದ ಜೋರಾಗಿ ಓದಿಸುತ್ತಾರೆ. ಮಗು ತಾನೇ ನಗುತ್ತದೆ, ತಾನೇ ತಿದ್ದುತ್ತದೆ.

ನಮ್ಮ ಕಡೆ ಮಕ್ಕಳ ಮನೆ ಮಾತು ತುಳು, ಬ್ಯಾರಿ, ಕೊಂಕಣಿ. ಮೊದಲ ವಾರಗಳಲ್ಲಿ ಹಿರಿಯರು ಆ ಮಾತುಗಳಲ್ಲೇ ಮಕ್ಕಳನ್ನು ಹತ್ತಿರ ಮಾಡಿಕೊಂಡು, ನಿಧಾನವಾಗಿ ಕನ್ನಡಕ್ಕೆ ತರುತ್ತಾರೆ. 'ಕನ್ನಡದಲ್ಲೇ ಮಾತಾಡು' ಅಂತ ಗದರಿಸಿದರೆ ಮಗು ಮಾತೇ ನಿಲ್ಲಿಸುತ್ತದೆ.

ಗಣಿತದ ಮೇಷ್ಟ್ರು, ರಾಯಚೂರು

ಇದು ನಮ್ಮಲ್ಲೂ ಹಾಗೇ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುತ್ತಾರೆ. ಮಗು ನೀರು ಕುಡಿಯಲು ಹೋಗಬೇಕು ಅಂತ 'ಪಾಣಿ' ಅಂದಾಗ ಅರ್ಥ ಮಾಡಿಕೊಂಡು ತಕ್ಷಣ ಕಳಿಸುವ ಟೀಚರ್ ಹತ್ತಿರ ಆ ಮಗು ಮಾರನೇ ದಿನವೂ ಬರುತ್ತದೆ. ನೀನು ಎಲ್ಲಿಗೇ ಹೋಗು, ಮಕ್ಕಳ ಮನೆ ಮಾತಿನಲ್ಲಿ ದಿನ ಬಳಕೆಯ ಒಂದಿಷ್ಟು ಪದ ಮೊದಲು ಕಲಿ. ಹಿರಿಯರಿಗೆ ಅವು ಬಂದಿರುತ್ತವೆ.

ಎಸ್‌ಡಿಎಂಸಿ ಸದಸ್ಯ

ನಾನು ಟೀಚರ್ ಅಲ್ಲ, ಶಾಲಾಭಿವೃದ್ಧಿ ಸಮಿತಿಯಲ್ಲಿದ್ದೇನೆ, ಮಗಳು ಮೂರನೇ ತರಗತಿ. ಅಪ್ಪ ಅಮ್ಮಂದಿರ ಕಡೆಯಿಂದ ಒಂದು ಮಾತು. ನಮ್ಮೂರ ಹಿರಿಯ ಮೇಡಂ ದಾರಿಯಲ್ಲಿ ಸಿಕ್ಕರೆ ಮೊದಲು ಮಗು ಚೆನ್ನಾಗಿ ಮಾಡಿದ ಒಂದು ಕೆಲಸ ಹೇಳುತ್ತಾರೆ. 'ನಿಮ್ಮ ಹುಡುಗಿ ಇವತ್ತು ಚಿಕ್ಕವರಿಗೆ ಕಥೆ ಓದಿ ಹೇಳಿದಳು' ಅಂತ. ಆಮೇಲೆ 'ಮನೆಯಲ್ಲಿ ಸ್ವಲ್ಪ ಲೆಕ್ಕ ಹಾಕಿಸಿ, ಅಂಗಡಿಗೆ ಕಳಿಸಿದಾಗ ಚಿಲ್ಲರೆ ಎಣಿಸಲು ಹೇಳಿ' ಅನ್ನುತ್ತಾರೆ. ನಾವು ಅದನ್ನು ಮಾಡುತ್ತೇವೆ. ಮೊದಲೇ 'ನಿಮ್ಮ ಮಗು ದಡ್ಡ' ಅಂದವರ ಹತ್ತಿರ ನಾವು ಶಾಲೆ ಬಾಗಿಲಿಗೂ ಹೋಗುವುದಿಲ್ಲ. ಕಲಿಯಲು ಬಂದವರು ಈ ಮಾತಾಡುವ ಕ್ರಮವನ್ನೂ ಕಲಿತರೆ ಒಳ್ಳೆಯದು.

ಡಿಎಡ್ ವಿದ್ಯಾರ್ಥಿನಿ, ಹಾಸನ

ಎಲ್ಲರಿಗೂ ಮತ್ತೆ ನಮಸ್ಕಾರ. ನೀವು ಹೇಳಿದ್ದನ್ನು ಮಾಡುತ್ತಿದ್ದೇನೆ. ಒಂದು ಸಂಗತಿ ಹಂಚಿಕೊಳ್ಳಬೇಕು.

ಎರಡನೇ ತರಗತಿಯ ಒಬ್ಬ ಹುಡುಗ ಬಹಳ ದಿನ ಬಂದಿರಲಿಲ್ಲ. ಅಪ್ಪ ಅಮ್ಮ ಕಾಫಿ ತೋಟದ ಕೆಲಸಕ್ಕೆ ಸಕಲೇಶಪುರದ ಕಡೆ ಹೋಗಿದ್ದರು, ಅವನನ್ನೂ ಕರೆದುಕೊಂಡು ಹೋಗಿದ್ದರು. ಅವನು ವಾಪಸ್ ಬಂದ ದಿನ ನಾನು ಮೇಡಂ ಕಣ್ಣನ್ನೇ ನೋಡುತ್ತಿದ್ದೆ. ಅವನನ್ನು ಎಲ್ಲರ ಮುಂದೆ ನಿಲ್ಲಿಸಲಿಲ್ಲ. ಎಲ್ಲಿ ಹೋಗಿದ್ದೆ ಅಂತಲೂ ಕೇಳಲಿಲ್ಲ. ಹಾಜರಿಯಲ್ಲಿ ಅವನ ಹೆಸರು ಮೊದಲಿನ ಹಾಗೇ ಇತ್ತು. ಕೋಣೆಯಲ್ಲಿ ತಲೆಯ ಮೇಲೆ ಕಟ್ಟಿದ ಚಪ್ಪರದ ದಾರದಲ್ಲಿ ಅವನು ಬಿಡಿಸಿದ ಹಳೇ ಚಿತ್ರ ಇನ್ನೂ ನೇತಾಡುತ್ತಿತ್ತು. ಅವನು ಬಿಟ್ಟು ಹೋದ ಮೈಲಿಗಲ್ಲಿಗಿಂತ ಹಿಂದಿನ ಒಂದು ಕಾರ್ಡ್ ತೆಗೆದು, 'ಒಂದನೇ ತರಗತಿಯ ಹುಡುಗನಿಗೆ ಇದನ್ನು ಹೇಳಿಕೊಡು' ಅಂತ ಅವನ ಕೈಗೆ ಕೊಟ್ಟರು. ಅವನು ಹೇಳಿಕೊಡಲು ಕೂತ. ಮೇಡಂ ಬೇರೆ ತಟ್ಟೆಯಲ್ಲಿದ್ದುಕೊಂಡೇ ಕೇಳಿಸಿಕೊಳ್ಳುತ್ತಿದ್ದರು.

ಊಟ ಬಡಿಸುವಾಗ ಕೇಳಿದೆ, 'ಅವನಲ್ಲಿ ಏನನ್ನು ನೋಡಿದಿರಿ ಮೇಡಂ?' ಅಂತ. ಅವರು ಹೇಳಿದ್ದು: 'ಅವನಿಗೆ ಎಷ್ಟು ಮರೆತಿದೆ ಅಂತ ನನಗೆ ಗೊತ್ತಾಗಬೇಕಿತ್ತು. ನೇರವಾಗಿ ಓದಿಸಿದ್ದರೆ ಹೆದರಿ ಗೊತ್ತಿದ್ದದ್ದನ್ನೂ ಹೇಳುತ್ತಿರಲಿಲ್ಲ. ಚಿಕ್ಕವನಿಗೆ ಹೇಳಿಕೊಡುವಾಗ ಕಾಗುಣಿತದಲ್ಲಿ ಏತ್ವದ ಹತ್ತಿರ ತಡವರಿಸಿದ. ಈಗ ಅಲ್ಲಿಂದ ಶುರು ಮಾಡುತ್ತೇನೆ.' ನಾನು ಇದನ್ನು ಹಾಗೇ ಬರೆದುಕೊಂಡೆ. ಪಕ್ಕದಲ್ಲೇ ಕೂತಿದ್ದ ನನಗೆ ಕಂಡದ್ದು ಇಬ್ಬರು ಹುಡುಗರು ಕಾರ್ಡ್ ಓದುವುದು ಮಾತ್ರ.

ಇನ್ನೊಂದು ಪ್ರಶ್ನೆ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ಹಾಜರಿ. ಮೇಡಂ ಅರ್ಧ ಜೀವ ಅದರಲ್ಲೇ ಹೋಗುತ್ತದೆ. ಅದನ್ನೂ ನಾನು ಈಗಲೇ ಕಲಿಯಬೇಕಾ, ನೌಕರಿ ಸಿಕ್ಕ ಮೇಲೆ ನೋಡಿಕೊಂಡರಾಯಿತಾ?

ಡಯಟ್ ಉಪನ್ಯಾಸಕ

ನೀವು ಬರೆದ ಆ ಹುಡುಗನ ಸಂಗತಿಯನ್ನು ನಿಮ್ಮ ಇಂಟರ್ನ್‌ಶಿಪ್ ವರದಿಯಲ್ಲಿ ಹೆಸರಿಲ್ಲದೆ ಹಾಗೇ ಹಾಕಿ.

ನಲಿ-ಕಲಿ ಮೇಡಂ, ಮೈಸೂರು ಜಿಲ್ಲೆ

ಈಗಲೇ ಕಲಿಯಿರಿ. ಹೊಸದಾಗಿ ನೌಕರಿಗೆ ಬಂದವರು ಮೊದಲ ವರ್ಷ ಒದ್ದಾಡುವುದು ಪಾಠದಲ್ಲಿ ಅಲ್ಲ, ಇದರಲ್ಲೇ. ಏಕೋಪಾಧ್ಯಾಯ ಶಾಲೆ ಸಿಕ್ಕರಂತೂ ಕೇಳುವುದೇ ಬೇಡ. ಈ ಕೆಲಸಗಳ ಹೊರೆ ಕಡಿಮೆಯಾಗಬೇಕು ಅಂತ ನಾವೆಲ್ಲ ಕೇಳುತ್ತಲೇ ಇದ್ದೇವೆ, ಕೇಳುತ್ತಲೇ ಇರಬೇಕು. ಆದರೆ ಅಲ್ಲಿಯವರೆಗೆ ಮಕ್ಕಳ ಹೊತ್ತು ಹಾಳಾಗಬಾರದು.

ಹಿರಿಯರು ಇದನ್ನು ಯಾವ ಹೊತ್ತಿನಲ್ಲಿ ಮಾಡುತ್ತಾರೆ ಅಂತ ನೋಡಿ. ಮಕ್ಕಳೇ ಹಾಜರಿ ಗುರುತು ಹಾಕಿದ ತಕ್ಷಣ ಸಂಖ್ಯೆ ಅಡುಗೆಯವರಿಗೆ ಹೋಗುತ್ತದೆ. ಊಟ ಬಡಿಸುವ ಮೊದಲು ತಾವೇ ರುಚಿ ನೋಡುತ್ತಾರೆ. ಅದು ನಿಯಮ, ಯಾವತ್ತೂ ಬಿಡಬಾರದು. ರಿಜಿಸ್ಟರ್ ಬರೆಯುವ ಹೊತ್ತಿಗೆ ನಾಲ್ಕನೇ, ಐದನೇ ತಟ್ಟೆಯ ಮಕ್ಕಳೇ ಜಾಸ್ತಿ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಇದು ಸುಮ್ನೆ ಆಗುವುದಿಲ್ಲ, ಬೆಳಿಗ್ಗೆಯೇ ಯೋಚನೆ ಮಾಡಿರುತ್ತಾರೆ.

ಹಾಜರಿ ಪುಸ್ತಕವನ್ನು ಅಡ್ಡಡ್ಡ ಓದುವುದನ್ನೂ ಅವರಿಂದ ಕಲಿಯಿರಿ. ಸಂತೆ ದಿನ ಯಾರು ಬರುವುದಿಲ್ಲ? ಸೋಮವಾರ ಮಾತ್ರ ತಪ್ಪಿಸುವವರು ಯಾರು? ರಾಗಿ ಕೊಯ್ಲಿನ ಹೊತ್ತಿಗೆ ಯಾವ ಅಕ್ಕ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ? ಅದನ್ನು ನೋಡಿದರೆ ಯಾರ ಮನೆಗೆ ಹೋಗಿ ಮಾತಾಡಬೇಕು ಅಂತ ಗೊತ್ತಾಗುತ್ತದೆ.

ಗಣಿತದ ಮೇಷ್ಟ್ರು, ರಾಯಚೂರು

ನಮ್ಮಲ್ಲಿ ಗುಳೆ ಹೋಗುವ ಮನೆಗಳ ಮಕ್ಕಳ ಪಟ್ಟಿಯನ್ನು ಹಿರಿಯರು ದಸರಾಕ್ಕೆ ಮೊದಲೇ ಮಾಡಿಕೊಳ್ಳುತ್ತಾರೆ. ಅಜ್ಜಿ ಮನೆಯಲ್ಲಿ ಬಿಟ್ಟು ಹೋಗುವಂತೆ ಮಾತಾಡುವುದೋ, ಋತುಮಾನ ವಸತಿ ಶಾಲೆಗೆ ಸೇರಿಸುವುದೋ, ಅದಕ್ಕೆ ಸಮಯ ಬೇಕು. ಬ್ಯಾಗು ಕಟ್ಟಿದ ಮೇಲೆ ಹೋದರೆ ಯಾರೂ ಕೇಳುವುದಿಲ್ಲ.

ಡಿಎಡ್ ವಿದ್ಯಾರ್ಥಿನಿ, ಹಾಸನ

ಮೇಡಂ ಮುಂದಿನ ವಾರದಿಂದ ತರಗತಿ ನಾನೇ ತೆಗೆದುಕೊಳ್ಳಲಿ ಅಂದಿದ್ದಾರೆ. ಐದೂ ತಟ್ಟೆ ಒಟ್ಟಿಗೆ ನಿಭಾಯಿಸುವುದು ನೆನೆಸಿಕೊಂಡರೇ ಎದೆ ಢವಢವ ಅನ್ನುತ್ತದೆ. ಎಲ್ಲಿಂದ ಶುರು ಮಾಡಲಿ?

ನಲಿ-ಕಲಿ ಮೇಡಂ, ಮೈಸೂರು ಜಿಲ್ಲೆ

ಐದೂ ಒಟ್ಟಿಗೆ ತೆಗೆದುಕೊಳ್ಳಬೇಡಿ. 'ಮೊದಲು ಎರಡನೇ ತಟ್ಟೆ ಒಂದೇ ಕೊಡಿ ಮೇಡಂ' ಅಂತ ಕೇಳಿ. ಅಲ್ಲಿ ಮಕ್ಕಳಿಗೆ ಸ್ವಲ್ಪ ಗೊತ್ತಿರುತ್ತದೆ, ಸ್ವಲ್ಪ ಸಹಾಯ ಬೇಕಿರುತ್ತದೆ. ಹೊಸಬರಿಗೆ ಅದು ಒಳ್ಳೆಯ ಜಾಗ. ಕೈ ಕೂತ ಮೇಲೆ ಮೂರನೆಯದು, ನಾಲ್ಕನೆಯದು ಸೇರಿಸಿ. ಮೊದಲನೇ ತಟ್ಟೆ ಕೊನೆಗೆ ತೆಗೆದುಕೊಳ್ಳಿ. ಹೊಸ ವಿಷಯ ಶುರು ಮಾಡುವಾಗ ಮೇಡಂ ಪಕ್ಕದಲ್ಲಿದ್ದರೆ ಚೆನ್ನ.

ಹಿಂದಿನ ದಿನವೇ ಯಾವ ಮಗುವಿನ ಕೈಯಲ್ಲಿ ಯಾವ ಕಾರ್ಡ್ ಇದೆ ಅಂತ ಪ್ರಗತಿ ನೋಟದಿಂದ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಧ್ವನಿ ಏರಿಸಬೇಡಿ. ಎಲ್ಲರ ಗಮನ ಬೇಕಾದಾಗ ಮೇಡಂ ಯಾವ ಚಪ್ಪಾಳೆ, ಯಾವ ಹಾಡು ಬಳಸುತ್ತಾರೋ ಅದನ್ನೇ ಬಳಸಿ. ಹೊಸದನ್ನು ತಂದರೆ ಮಕ್ಕಳಿಗೆ ಗೊಂದಲ.

ಆಮೇಲೆ ಮೇಡಂ ಹತ್ತಿರ ಒಂದೇ ಒಂದು ಸಹಾಯ ಕೇಳಿ. ನೀವು ಪಾಠ ಮಾಡುವಾಗ ಅವರು ಎಲ್ಲವನ್ನೂ ನೋಡುವುದು ಬೇಡ. ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಕಾಯುತ್ತೀರಿ ಅನ್ನುವುದನ್ನು ಮಾತ್ರ ನೋಡಿ ಬರೆದುಕೊಡಲಿ. ಮುಂದಿನ ವಾರ ಇನ್ನೊಂದು ವಿಷಯ ಕೇಳಿದರಾಯಿತು. ಮೊದಲ ದಿನ ಹೇಗಾಯ್ತು ಅಂತ ಇಲ್ಲಿ ತಪ್ಪದೆ ಬರೆಯಿರಿ, ನಾವೆಲ್ಲ ಕಾಯುತ್ತಿರುತ್ತೇವೆ.